ದೂರದವರ ದುಃಖಕ್ಕೆ ಮೈದಾನದ ಮೌನ

ಜನಸಂದಣಿಯ ವಿಷಯದಲ್ಲಿ ತಿಳಿದವರು ಒಳ್ಳೆಯ ಮಾತನ್ನಾಡುವುದು ಅಪರೂಪ. ಅದರಲ್ಲಿಯೂ ಫುಟ್‌ಬಾಲ್ ಪಂದ್ಯಕ್ಕೆ ನೆರೆಯುವ ಜನರ ಹೆಸರು ಕೆಟ್ಟಿರುವುದಕ್ಕೆ ಕಾರಣಗಳಿಲ್ಲದೆ ಇಲ್ಲ. ಕೂಗಾಟ, ಎದುರು ಪಕ್ಷದವರ ಹೀಯಾಳಿಕೆ, ಒಮ್ಮೊಮ್ಮೆ ಹೊಡೆದಾಟ - ಇವೆಲ್ಲವೂ ಆ ಆಟಕ್ಕೆ ಅಂಟಿದ ಕಳಂಕಗಳು. ಆದರೆ ಇದೇ ಜನರು, ತಾವೆಂದೂ ಕಾಣದ ಊರಿನಲ್ಲಿ ಮಡಿದವರಿಗಾಗಿ ಎದ್ದು ನಿಂತು ತಲೆಬಾಗುವುದನ್ನೂ ಲೋಕವು ಕಂಡಿದೆ. ಇದು ಬರಿಯ ತೋರಿಕೆಯೋ, ನಿಜವಾದ ಗೌರವವೋ? ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ವಿಚಾರ ಮಾಡಿ ನೋಡಬೇಕೆಂದು ನಮ್ಮ ಆಸೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಗೌರವವನ್ನು ಅಳೆಯಬೇಕಾದುದು ಎಷ್ಟು ಹೊತ್ತು ಮೌನವಾಗಿ ನಿಂತರೆಂಬುದರಿಂದಲ್ಲ. ನಿಂತವರು ತಮ್ಮದೆಂಬ ಏನನ್ನು ಬಿಟ್ಟುಕೊಟ್ಟರೆಂಬುದರಿಂದ. ಈ ಮಾತಿಗೆ ಮೈದಾನಗಳೇ ಸಾಕ್ಷಿ ನುಡಿಯುತ್ತವೆ.

1989ನೆಯ ಏಪ್ರಿಲ್ 15ರಂದು ಇಂಗ್ಲೆಂಡಿನ ಶೆಫೀಲ್ಡ್ ನಗರದ ಹಿಲ್ಸ್‌ಬರೋ ಮೈದಾನದಲ್ಲಿ ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡಗಳ ಪಂದ್ಯವಿದ್ದಿತು. ಕಂಬಿಬೇಲಿಗಳ ನಡುವಣ ಇಕ್ಕಟ್ಟಿನ ಜಾಗದಲ್ಲಿ ಲಿವರ್‌ಪೂಲ್ ಪಕ್ಷದ ಪ್ರೇಕ್ಷಕರು ಮಿತಿಮೀರಿ ತುಂಬಿಕೊಂಡು, ಉಸಿರಾಡಲೂ ಎಡೆಯಿಲ್ಲದೆ ನಲುಗಿದರು. ಮೂರು ಗಂಟೆಗೆ ಆರಂಭವಾದ ಆಟವು ಮೂರು ಗಂಟೆ ಆರು ನಿಮಿಷಕ್ಕೆ ನಿಂತಿತು. ಆ ದುರಂತಕ್ಕೆ ಬಲಿಯಾದವರು ಒಟ್ಟು 97 ಮಂದಿ. ಅವರಲ್ಲಿ ಕೊನೆಯವರು ಆಗಿನ ಗಾಯಗಳಿಂದಲೇ 2021ರಲ್ಲಿ ತೀರಿಕೊಂಡರು.

ನಾಲ್ಕು ದಿನಗಳ ತರುವಾಯ, ಏಪ್ರಿಲ್ 19ರಂದು, ಇಟಲಿಯ ಮಿಲಾನ್ ನಗರದಲ್ಲಿ ಎ. ಸಿ. ಮಿಲಾನ್ ಮತ್ತು ರಿಯಲ್ ಮ್ಯಾಡ್ರಿಡ್ ತಂಡಗಳು ಯುರೋಪಿಯನ್ ಕಪ್ಪಿನ ಉಪಾಂತ್ಯ ಪಂದ್ಯಕ್ಕೆ ಇಳಿದವು. ಆಟ ಆರಂಭವಾದ ಸ್ವಲ್ಪ ಹೊತ್ತಿನಲ್ಲಿಯೇ ತೀರ್ಪುಗಾರನು ಸೀಟಿಯೂದಿ, ಒಂದು ನಿಮಿಷದ ಮೌನಕ್ಕಾಗಿ ಆಟವನ್ನು ನಿಲ್ಲಿಸಿದನು. ಆಗ ಮಿಲಾನಿನ ಪ್ರೇಕ್ಷಕರು ಲಿವರ್‌ಪೂಲಿನವರು ತಮ್ಮ ತಂಡಕ್ಕಾಗಿ ಹಾಡುವ ಹಾಡನ್ನೇ ಎತ್ತಿಕೊಂಡು ಹಾಡಿದರು.

ಇದರ ಹಿರಿಮೆಯನ್ನು ತಿಳಿಯಬೇಕಾದರೆ ಇನ್ನೂ ನಾಲ್ಕು ವರ್ಷ ಹಿಂದಕ್ಕೆ ನೋಡಬೇಕು. 1985ನೆಯ ಮೇ 29ರಂದು ಬ್ರಸೆಲ್ಸ್ ನಗರದ ಹೇಸೆಲ್ ಮೈದಾನದಲ್ಲಿ ಲಿವರ್‌ಪೂಲಿನ ಕೆಲವು ಪುಂಡ ಪ್ರೇಕ್ಷಕರು ನುಗ್ಗಿ ಹೋದ ಪರಿಣಾಮವಾಗಿ ಗೋಡೆ ಕುಸಿದು 39 ಜನರು ಸತ್ತಿದ್ದರು. ಅವರಲ್ಲಿ ಹೆಚ್ಚಿನವರು ಇಟಲಿಯವರು, ಯುವೆಂಟಸ್ ತಂಡವನ್ನು ನೋಡಲು ಹೋದವರು. ಇಟಲಿಯ ಜನರಿಗೆ ಲಿವರ್‌ಪೂಲ್ ಎಂಬ ಹೆಸರು ಕಹಿಯಾಗಲು ಅಷ್ಟು ಸಾಲದೆ? ಅಷ್ಟೇ ಅಲ್ಲ, ಮಿಲಾನಿನಲ್ಲಿ ಆ ಹಾಡು ಕೇಳಿಬಂದ ದಿನವೇ ಇಂಗ್ಲೆಂಡಿನ ಒಂದು ಪತ್ರಿಕೆಯು ಹಿಲ್ಸ್‌ಬರೋದ ಪ್ರೇಕ್ಷಕರ ಮೇಲೆ ಹೀನವಾದ ಸುಳ್ಳು ಅಪವಾದಗಳನ್ನು ಅಚ್ಚುಹಾಕಿತ್ತು. ದುರಂತಕ್ಕೆ ಪ್ರೇಕ್ಷಕರು ಕಾರಣರಲ್ಲವೆಂದು ಪಂಚರು ತೀರ್ಪು ಕೊಡಲು 2016ನೆಯ ಇಸವಿ ಬರಬೇಕಾಯಿತು. ಸ್ವಂತ ನಾಡಿನಲ್ಲಿಯೇ ಸತ್ತವರ ಸಂಗಡಿಗರಿಗೆ ನಿಂದೆ ಸಲ್ಲುತ್ತಿದ್ದಾಗ, ಪರನಾಡಿನ ಜನರು ಹಳೆಯ ಕಹಿಯನ್ನು ಬದಿಗಿಟ್ಟು ಅವರ ಹಾಡನ್ನು ಹಾಡಿದರು. ಅವರು ಬಿಟ್ಟುಕೊಟ್ಟುದು ಹಗೆತನವನ್ನು.

2016ನೆಯ ನವೆಂಬರ್ 28ರ ರಾತ್ರಿ ಬ್ರೆಜಿಲ್ ದೇಶದ ಶಾಪೆಕೊಯೆನ್ಸೆ ಎಂಬ ತಂಡವನ್ನು ಹೊತ್ತ ವಿಮಾನವು ಕೊಲಂಬಿಯಾದ ಮೆಡೆಲಿನ್ ನಗರದ ಸಮೀಪದಲ್ಲಿ ಇಂಧನ ಮುಗಿದು ಬೆಟ್ಟಕ್ಕೆ ಬಡಿಯಿತು. 77 ಜನರಲ್ಲಿ 71 ಜನ ಮಡಿದರು. ದಕ್ಷಿಣ ಅಮೆರಿಕೆಯ ಒಂದು ದೊಡ್ಡ ಕಪ್ಪಿನ ಅಂತಿಮ ಪಂದ್ಯವನ್ನು ಅವರು ಮೆಡೆಲಿನ್ನಿನ ಅಟ್ಲೆಟಿಕೊ ನಾಸಿಯೊನಾಲ್ ತಂಡದೊಡನೆ ಆಡಬೇಕಾಗಿದ್ದಿತು. ಪಂದ್ಯ ನಡೆಯಬೇಕಾಗಿದ್ದ 30ನೆಯ ತಾರೀಖಿನ ಸಂಜೆ, ಅದೇ ಮೈದಾನಕ್ಕೆ ಮೆಡೆಲಿನ್ನಿನ ಜನರು ಬಿಳಿಯ ಉಡುಪು ತೊಟ್ಟು, ಕೈಯಲ್ಲಿ ಮೇಣದ ಬತ್ತಿ ಹಿಡಿದು ಬಂದರು. ಒಳಗೆ ಎಡೆ ಸಾಲದೆ ಸಾವಿರಾರು ಜನರು ಹೊರಗೆ ನಿಂತರು. ಎದುರಾಳಿಯ ಹೆಸರನ್ನೇ ಕೂಗಿದರು. ಕಪ್ಪನ್ನು ಶಾಪೆಕೊಯೆನ್ಸೆಗೆ ಕೊಡಬೇಕೆಂದು ಅವರ ತಂಡವೇ ಕೇಳಿಕೊಂಡಿತು. ಡಿಸೆಂಬರಿನಲ್ಲಿ ಹಾಗೆಯೇ ಆಯಿತು. ಇಲ್ಲಿ ಬಿಟ್ಟುಕೊಟ್ಟುದು ಕೈಗೆ ಬರಬಹುದಾಗಿದ್ದ ಗೆಲುವನ್ನು.

2023ನೆಯ ಫೆಬ್ರವರಿ 6ರಂದು ಬೆಳಗಿನ ಜಾವ 4 ಗಂಟೆ 17 ನಿಮಿಷಕ್ಕೆ ತುರ್ಕಿಯ ಆಗ್ನೇಯ ಭಾಗವೂ ಸಿರಿಯಾದ ಉತ್ತರ ಭಾಗವೂ ಭೂಕಂಪದಿಂದ ನಡುಗಿದವು. ತುರ್ಕಿಯೊಂದರಲ್ಲಿಯೇ ಐವತ್ತು ಸಾವಿರಕ್ಕೂ ಮಿಕ್ಕಿ ಜನರು ಸತ್ತರು. ಅದೇ ತಿಂಗಳ 26ರಂದು, ಭೂಕಂಪದ ಸ್ಥಳದಿಂದ ಬಹು ದೂರದಲ್ಲಿರುವ ಇಸ್ತಾಂಬುಲಿನಲ್ಲಿ ಬೆಶಿಕ್ತಾಶ್ ತಂಡದ ಪಂದ್ಯವು 4 ನಿಮಿಷ 17 ಸೆಕೆಂಡು ಆಗುತ್ತಲೇ ನಿಂತಿತು. ಪ್ರೇಕ್ಷಕರು ತಾವು ತಂದಿದ್ದ ಸಾವಿರಾರು ಗೊಂಬೆಗಳನ್ನೂ ಕೊರಳವಸ್ತ್ರಗಳನ್ನೂ ಮೈದಾನದೊಳಕ್ಕೆ ಎಸೆದರು. ಅವು ನೊಂದ ಮಕ್ಕಳಿಗಾಗಿ. ಮೈದಾನದೊಳಕ್ಕೆ ಏನನ್ನಾದರೂ ಎಸೆಯುವುದು ಸಾಮಾನ್ಯವಾಗಿ ಅಪರಾಧ; ಅಂದು ಅದೇ ಧರ್ಮವಾಯಿತು.

ನಮ್ಮ ದೇಶದಲ್ಲಿಯೂ ಇಂತಹ ನಡವಳಿಕೆ ಇಲ್ಲದಿಲ್ಲ. 1980ನೆಯ ಆಗಸ್ಟ್ 16ರಂದು ಕಲ್ಕತ್ತೆಯ ಈಡನ್ ಗಾರ್ಡನ್ಸಿನಲ್ಲಿ ಈಸ್ಟ್ ಬೆಂಗಾಲ್ ಮತ್ತು ಮೋಹನ್ ಬಾಗಾನ್ ಪಂದ್ಯದ ಗಲಭೆಯಲ್ಲಿ 16 ಜನ ಅಭಿಮಾನಿಗಳು ಪ್ರಾಣ ಕಳೆದುಕೊಂಡರು. ಅವರ ನೆನಪಿಗಾಗಿ ಆ ದಿನ ಅಲ್ಲಿಯ ಆಟದ ಪ್ರೇಮಿಗಳು ರಕ್ತದಾನ ಮಾಡುತ್ತ ಬಂದಿದ್ದಾರೆ. ಹಾರ ಹಾಕುವುದಕ್ಕಿಂತ ಇದು ಮಿಗಿಲು.

"ಇದೆಲ್ಲ ಆಡಂಬರ, ನೆರೆಮನೆಯವನ ಕಷ್ಟಕ್ಕೆ ಕಿವುಡಾದವರು ಸಮುದ್ರದಾಚೆಯವರಿಗಾಗಿ ಅಳುವುದೇಕೆ?" ಎಂದು ಕೆಲವರು ಆಕ್ಷೇಪಿಸಬಹುದು. ಈ ಮಾತಿನಲ್ಲಿ ಸತ್ಯಾಂಶವಿದೆ. ಎಲ್ಲ ಸಾವುಗಳಿಗೂ ಸಮನಾಗಿ ಮೌನ ಸಲ್ಲುವುದಿಲ್ಲ. ಹೆಸರಾದ ನಗರದ ದುರಂತಕ್ಕೆ ಮೈದಾನಗಳು ಎದ್ದು ನಿಲ್ಲುತ್ತವೆ, ಹೆಸರಿಲ್ಲದ ಹಳ್ಳಿಯ ದುರಂತವು ಪತ್ರಿಕೆಯ ಮೂಲೆಯಲ್ಲಿ ಮುಗಿದುಹೋಗುತ್ತದೆ. ಆದರೆ ಇದಕ್ಕೆ ಮದ್ದು ದೂರದವರನ್ನು ಮರೆಯುವುದಲ್ಲ. ಮರೆತ ಹತ್ತಿರದವರನ್ನೂ ನೆನೆಯುವುದು. ಊರು ಬಿಟ್ಟು ಪರಭಾಷೆಯ ನಗರದಲ್ಲಿ ಬಾಳುವ ನಮಗಂತೂ ದೂರವೆಂಬುದು ನೆಪವಾಗಲಾರದು. ನಾವು ಪ್ರೀತಿಸುವವರಲ್ಲಿ ಅರ್ಧ ಜನರು ದೂರದಲ್ಲಿಯೇ ಇದ್ದಾರಲ್ಲವೇ?

ಇನ್ನೊಂದು ಎಚ್ಚರಿಕೆಯೂ ಬೇಕು. ಹೇಸೆಲ್ ದುರಂತದ ಬಳಿಕ ಮೊದಲ ಬಾರಿಗೆ, 2005ನೆಯ ಏಪ್ರಿಲ್ 5ರಂದು, ಯುವೆಂಟಸ್ ತಂಡವು ಲಿವರ್‌ಪೂಲಿಗೆ ಬಂದಾಗ, ಅಲ್ಲಿಯ ಪ್ರೇಕ್ಷಕರು ಕಾಗದದ ಹಲಗೆಗಳನ್ನು ಎತ್ತಿ ಹಿಡಿದು 'ಗೆಳೆತನ' ಎಂಬರ್ಥದ ಇಟಲಿಯ ಮಾತನ್ನು ಮೂಡಿಸಿದರು. ಬಂದವರಲ್ಲಿ ಕೆಲವರು ಚಪ್ಪಾಳೆ ತಟ್ಟಿದರು. ಅನೇಕರು ಬೆನ್ನು ತಿರುಗಿಸಿದರು. ಬೆನ್ನು ತಿರುಗಿಸಿದವರನ್ನು ನಾವು ದೂರಲಾರೆವು. ಗೌರವವನ್ನು ಸಲ್ಲಿಸುವುದು ನಮ್ಮ ಕರ್ತವ್ಯ. ಅದನ್ನು ಸ್ವೀಕರಿಸುವುದೂ ಬಿಡುವುದೂ ನೊಂದವರ ಹಕ್ಕು. ಪ್ರತಿಫಲವನ್ನು ಬಯಸಿದ ಗೌರವವು ವ್ಯಾಪಾರವಾದೀತು.

ವಿದ್ಯಾರ್ಥಿಗಳೇ, ಪ್ರತಿ ವರ್ಷ ಜನವರಿ 30ರಂದು ಬೆಳಿಗ್ಗೆ ಹನ್ನೊಂದು ಗಂಟೆಗೆ ಹುತಾತ್ಮರ ಸ್ಮರಣೆಗಾಗಿ ದೇಶವೆಲ್ಲ ಎರಡು ನಿಮಿಷ ಮೌನವಾಗಿ ನಿಲ್ಲುತ್ತದೆ. ಪ್ರವಾಹ, ಭೂಕಂಪಗಳ ವಾರ್ತೆ ಬಂದಾಗಲೂ ನಿಮ್ಮನ್ನು ಪ್ರಾರ್ಥನೆಯ ಸಾಲಿನಲ್ಲಿ ಹಾಗೆ ನಿಲ್ಲಿಸುವುದುಂಟು. ಆಗ ಗಡಿಯಾರವನ್ನು ನೋಡಬೇಡಿರಿ. ಪಕ್ಕದವನನ್ನು ಚಿವುಟಿ ನಗಿಸಬೇಡಿರಿ. ಸತ್ತವರ ಊರು ಯಾವುದು, ಉಳಿದವರಿಗೆ ಬೇಕಾದುದೇನು ಎಂದು ಯೋಚಿಸಿರಿ. ಸಾಲು ಚದುರಿದ ಮೇಲೆ ತಿಂಡಿಯ ಕಾಸಿನಲ್ಲಿ ಒಂದು ಪಾಲನ್ನೋ, ಓದಿ ಮುಗಿಸಿದ ಪುಸ್ತಕವನ್ನೋ, ಸಹಪಾಠಿಯ ಮೇಲಿನ ಹಳೆಯ ಮುನಿಸನ್ನೋ ಬಿಟ್ಟುಕೊಡಿರಿ. ಮೌನವು ಎರಡು ನಿಮಿಷಕ್ಕೆ ಮುಗಿಯುವುದು. ಬಿಟ್ಟುಕೊಟ್ಟುದು ಮಾತ್ರ ಯಾರದೋ ಕೈ ಸೇರಿ ಉಳಿಯುವುದು.