ಕೆಲಸದ ಮುನಿಸು, ಮನೆಯ ಮೌನ

ಐರ್ಲೆಂಡಿಗೆ ಬರಬಯಸುವ ಬಂಧುಗಳು ನನ್ನನ್ನು ಮೊದಲು ಕೇಳುವ ಪ್ರಶ್ನೆ, ‘ಗಂಡ ಹೆಂಡತಿ ಇಬ್ಬರಿಗೂ ದುಡಿಯಲು ಅವಕಾಶವಿದೆಯೇ?’ ಎಂಬುದು. ಇದೆ. ವಿಶೇಷ ಕೌಶಲದ ಉದ್ಯೋಗ ಪರವಾನಗಿ ಪಡೆದವರ ಸಂಗಾತಿಗೆ 2019ರಿಂದ, ಸಾಮಾನ್ಯ ಪರವಾನಗಿಯವರ ಸಂಗಾತಿಗೆ 2024ರ ಮೇ ತಿಂಗಳಿನಿಂದ ಪ್ರತ್ಯೇಕ ಪರವಾನಗಿಯಿಲ್ಲದೆ ದುಡಿಯುವ ಅನುಕೂಲ ದೊರೆತಿದೆ. ಆದರೆ ಎರಡು ಉದ್ಯೋಗಗಳ ಆಯಾಸ ಒಂದೇ ಮನೆಯೊಳಗೆ ಸೇರಿದಾಗ ಏನಾಗುತ್ತದೆಂದು ಯಾರೂ ಕೇಳುವುದಿಲ್ಲ.

ನಾನಿರುವ ಡಗ್ಲಸ್, ಕಾರ್ಕ್ ನಗರದ ದಕ್ಷಿಣ ಭಾಗದ ಬಡಾವಣೆ. ಇಲ್ಲಿ ನಾನು ಬಲ್ಲ ಕುಟುಂಬಗಳಲ್ಲಿ ಒಬ್ಬರದು ಆಸ್ಪತ್ರೆಯ ಹನ್ನೆರಡು ಗಂಟೆಗಳ ಪಾಳಿ, ಇನ್ನೊಬ್ಬರದು ಸಾಫ್ಟ್‌ವೇರ್ ಅಥವಾ ಔಷಧ ಕಂಪನಿಯ ಕೆಲಸ. ವಾರ್ಡಿನಲ್ಲಿ ನುಂಗಿಕೊಂಡ ಮಾತು ಮನೆಯಲ್ಲಿ ಪಾತ್ರೆಯ ಸದ್ದಾಗಿ ಹೊರಬರುತ್ತದೆ. ಅದನ್ನು ಕೇಳಿದವರು ಮರುದಿನ ಬಾಡಿದ ಮುಖ ಹೊತ್ತು ಕಚೇರಿಗೆ ಹೋಗುತ್ತಾರೆ.

ಇದು ಬರಿಯ ಊಹೆಯಲ್ಲ. ಮನಶ್ಶಾಸ್ತ್ರಜ್ಞ ನಿಯಾಲ್ ಬೋಲ್ಜರ್ ಮತ್ತು ಸಂಗಡಿಗರು 166 ದಂಪತಿಗಳು 42 ದಿನ ಬರೆದ ದಿನಚರಿಗಳನ್ನು ಆಧರಿಸಿ 1989ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಉದ್ಯೋಗದ ಒತ್ತಡ ಮನೆಗೆ ಹರಿಯುವುದನ್ನೂ, ಸಂಗಾತಿ ಬಳಲಿದ ದಿನ ಮನೆಗೆಲಸವನ್ನು ಸರಿದೂಗಿಸುವವರು ಹೆಚ್ಚಾಗಿ ಪತ್ನಿಯರೇ ಎಂಬುದನ್ನೂ ಅದು ತೋರಿಸಿತು.

ಊರಿನಲ್ಲಿ ಈ ಬಿಸಿ ಆರಲು ದಾರಿಗಳುಂಟು: ಅತ್ತೆ ಕೊಡುವ ಕಾಫಿ, ಜಗಲಿಯ ಹರಟೆ, ಅಕ್ಕನಿಗೊಂದು ಫೋನು. ಇಲ್ಲಿ ಪಾಳಿ ಮುಗಿಸಿ ರಾತ್ರಿ ಎಂಟೂವರೆಗೆ ಮನೆ ಸೇರಿದರೆ, ಚಳಿಗಾಲದಲ್ಲಿ ನಿಮಗೆ ಆಗ ನಡುರಾತ್ರಿ ಎರಡು ಗಂಟೆ. ಹೇಳಿಕೊಳ್ಳಲು ಎದುರಿಗಿರುವುದು ಅಷ್ಟೇ ದಣಿದ ಇನ್ನೊಂದು ಜೀವ ಮಾತ್ರ.

ಕೆಲಸದ ವೇಳೆ ಮುಗಿದ ಮೇಲೆ ಕಚೇರಿಯ ಕರೆ, ಮಿಂಚಂಚೆಗಳಿಂದ ದೂರವಿರುವ ಹಕ್ಕನ್ನು ಐರ್ಲೆಂಡ್ 2021ರಲ್ಲಿ ಸಂಹಿತೆಯೊಂದರ ಮೂಲಕ ಮಾನ್ಯಮಾಡಿತು. ಒಳ್ಳೆಯದೇ. ಆದರೆ ಮನಸ್ಸಿನೊಳಗೆ ಹೊತ್ತು ತಂದದ್ದನ್ನು ಇಳಿಸುವ ಏರ್ಪಾಡನ್ನು ದಂಪತಿಗಳೇ ಮಾಡಿಕೊಳ್ಳಬೇಕು. ‘ಇಂದು ವಾರ್ಡಿನಲ್ಲಿ ಕಷ್ಟವಾಯಿತು, ನಿಮ್ಮ ಮೇಲೆ ಸಿಟ್ಟಿಲ್ಲ’ ಎಂದು ಬಾಗಿಲಲ್ಲೇ ಹೇಳಿಬಿಟ್ಟರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ದೀರ್ಘ ಪಾಳಿಯ ದಿನ ಅಡುಗೆ ಇನ್ನೊಬ್ಬರದೆಂಬುದು ಮೊದಲೇ ನಿಶ್ಚಯವಾಗಿರಲಿ.

ಹೊರಡಲಿರುವವರು ಎರಡು ಸಂಬಳಗಳನ್ನು ಕೂಡಿಸುವಾಗ ಎರಡು ವೇಳಾಪಟ್ಟಿಗಳನ್ನೂ ಅಕ್ಕಪಕ್ಕ ಇಟ್ಟು ನೋಡಲಿ. ಒಟ್ಟಿಗೆ ಉಣ್ಣುವ ಹೊತ್ತು ವಾರಕ್ಕೆಷ್ಟು ಉಳಿಯುತ್ತದೆಂದು ಎಣಿಸಲಿ. ಊರಿನಲ್ಲಿರುವ ಹಿರಿಯರಿಗೂ ಒಂದು ಬಿನ್ನಹ: ಮಗಳ ದನಿ ಸಪ್ಪಗಿದ್ದರೆ ‘ಅಳಿಯಂದಿರೊಡನೆ ಜಗಳವೇ?’ ಎನ್ನುವ ಮೊದಲು, ‘ನಿನ್ನೆ ಪಾಳಿ ಹೇಗಿತ್ತಮ್ಮಾ?’ ಎಂದು ಕೇಳಿ.