ಕನ್ನಡ ಪೀರಿಯಡ್ಡಿನಲ್ಲಿ ಸದ್ದಿರಲಿ

ಹೊಸದಾಗಿ ಕೆಲಸಕ್ಕೆ ಸೇರಿದ ಕನ್ನಡ ಮೇಷ್ಟ್ರಿಗೆ ಮೊದಲ ವಾರದಲ್ಲೇ ಎರಡು ಉಪದೇಶ ಸಿಗುತ್ತವೆ. ಒಂದು, ‘ಪೋರ್ಷನ್ ಬೇಗ ಮುಗಿಸಿ’. ಇನ್ನೊಂದು, ‘ಕ್ಲಾಸು ಸೈಲೆಂಟಾಗಿರಲಿ’. ಎರಡನ್ನೂ ಶಿರಸಾವಹಿಸಿ ಪಾಲಿಸಿದವರಿಗೆ ದಸರಾ ರಜೆಯ ಹೊತ್ತಿಗೆ ಹಿಂದಿನ ಬೆಂಚಿನ ಆಕಳಿಕೆ ಕಾಣತೊಡಗುತ್ತದೆ. ಆಮೇಲೆ ಪರದಾಟ. ವಿಡಿಯೊ ತೋರಿಸೋಣವೇ, ಪಿಪಿಟಿ ಮಾಡೋಣವೇ, ಸ್ಮಾರ್ಟ್ ಬೋರ್ಡ್ ಬಂದರೆ ಸರಿಹೋದೀತೇ?

ಸ್ಮಾರ್ಟ್ ಬೋರ್ಡ್ ಬಂದರೂ ಅದರ ಮೇಲೆ ಅದೇ ಪ್ರಶ್ನೋತ್ತರ ಮೂಡಿದರೆ ಏನು ಬಂತು? ನಮ್ಮ ಹೈಸ್ಕೂಲಿನ ಭಾಷಾ ಪಾಠದಲ್ಲಿ ಮಾತಾಡುವವರು ಒಬ್ಬರೇ, ಮೇಷ್ಟ್ರು. ಮಕ್ಕಳ ಪಾಲಿಗೆ ಉಳಿದದ್ದು ನೋಟ್ಸ್ ಇಳಿಸಿಕೊಳ್ಳುವ ಕೆಲಸ. ಬಾಯಿ ತೆರೆಯದೆ ಭಾಷೆ ಕಲಿಯಿರಿ ಎಂದರೆ ನಿದ್ದೆ ಬಾರದೆ ಇನ್ನೇನು ಬರುತ್ತದೆ?

ಇದು ಸರ್ಕಾರಕ್ಕೆ ಗೊತ್ತಿಲ್ಲದ್ದೇನಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಶುರುವಾದ ‘ನಲಿ-ಕಲಿ’ ಹಾಡು, ಕಾರ್ಡು, ಗುಂಪಿನ ಚಟುವಟಿಕೆಗಳನ್ನೇ ನೆಚ್ಚಿಕೊಂಡು ಬೆಳೆಯಿತು. ಆದರೆ ಅದು ಮೂರನೇ ತರಗತಿಗೆ ಮುಗಿಯುತ್ತದೆ. ನಾಲ್ಕಕ್ಕೆ ಕಾಲಿಟ್ಟ ಮಗುವಿಗೆ ನಲಿಯುವ ವಯಸ್ಸು ಮುಗಿಯಿತೆಂದು ಯಾರು ತೀರ್ಮಾನಿಸಿದರೋ!

ಹೊಸಬರು ಹೆಚ್ಚು ಹೆದರುವುದು ಛಂದಸ್ಸಿಗೆ. ಭಾಮಿನಿ ಷಟ್ಪದಿಯ ಲಕ್ಷಣವನ್ನು ಬೋರ್ಡಿನ ಮೇಲೆ ಬರೆದು, ಗುರು-ಲಘು ಚಿಹ್ನೆ ಹಾಕಿಸಿ, ಗಣ ವಿಭಾಗ ಮಾಡಿಸಿ ಕೈತೊಳೆದುಕೊಳ್ಳುವುದು ವಾಡಿಕೆ. ಅದನ್ನು ತಿರುಗಿಸಿ ನೋಡಿ. ಮೊದಲು ಡೆಸ್ಕಿನ ಮೇಲೆ ತಾಳ ಹಾಕಿಸಿ: ಮೂರು-ನಾಲ್ಕು, ಮೂರು-ನಾಲ್ಕು. ಒಂದು ಸಾಲಿಗೆ ಹದಿನಾಲ್ಕು ಮಾತ್ರೆ. ಕೈಗೆ ಲಯ ಹತ್ತಿದ ಮೇಲೆ, ಈ ಅಳತೆಗೆ ಮಾತು ಕೂರಿಸಿ ಎನ್ನಿ. ‘ಬೆಲ್ಲು ಹೊಡೆಯಿತು ಶಾಲೆ ಬಿಟ್ಟಿತು’ ಎಂದು ನೀವೇ ಒಂದು ಸಾಲು ಎಸೆಯಿರಿ. ಲೆಕ್ಕ ಹಾಕಿ, ಮೂರು, ನಾಲ್ಕು, ಮೂರು, ನಾಲ್ಕು ಸರಿಯಾಗಿದೆ. ‘ಎಲ್ಲ ಮಕ್ಕಳು ಮನೆಗೆ ಓಡಿರಿ’ ಎಂದು ಯಾರೋ ಒಬ್ಬಳು ಎರಡನೇ ಸಾಲು ಕೂಡಿಸಿದರೆ ಆದಿಪ್ರಾಸವೂ ತಾನಾಗಿ ಬಂದು ಕುಳಿತಿರುತ್ತದೆ. ಮೂರನೇ ಸಾಲು ಉದ್ದ, ಮೂರು-ನಾಲ್ಕು ಮೂರು ಸಲ, ಕೊನೆಗೊಂದು ಗುರು. ಅಲ್ಲಿ ತರಗತಿ ತಿಣುಕುತ್ತದೆ, ತಪ್ಪುತ್ತದೆ, ನಗುತ್ತದೆ. ತಿಣುಕಲಿ ಬಿಡಿ. ಲಕ್ಷಣವನ್ನು ಬೋರ್ಡಿಗೆ ತರುವುದು ಇಷ್ಟೆಲ್ಲ ಆದಮೇಲೆ.

ಆನಂತರ ಕುಮಾರವ್ಯಾಸನ ಪದ್ಯವನ್ನು ಹಾಡಿ. ಕಂಠ ಚೆನ್ನಾಗಿಲ್ಲದಿದ್ದರೆ ಫೋನಿನಲ್ಲಿ ಗಮಕ ಕೇಳಿಸಿ. ತಂತ್ರಜ್ಞಾನ ನಿಜಕ್ಕೂ ಕೆಲಸಕ್ಕೆ ಬರುವುದು ಇಂಥ ಕಡೆ. ಶಿವಮೊಗ್ಗದ ಪಕ್ಕದ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಕನ್ನಡ ಕಾವ್ಯ ಶತಮಾನಗಳ ಕಾಲ ಜನರನ್ನು ತಲುಪಿದ್ದು ಹೀಗೆ ಕಿವಿಯ ಮೂಲಕ.

ಕೃಷ್ಣ ಕರ್ಣನನ್ನು ರಥದಲ್ಲಿ ಕೂರಿಸಿಕೊಂಡು ಜನ್ಮರಹಸ್ಯ ಹೇಳುವ ಭಾಗ ಗೊತ್ತಲ್ಲ? ಸಾಮಾನ್ಯವಾಗಿ ಸಾರಾಂಶ ಹೇಳಿ, ‘ಕರ್ಣನ ಸ್ವಾಮಿನಿಷ್ಠೆಯನ್ನು ವಿವರಿಸಿ’ ಎಂಬ ಪ್ರಶ್ನೆಗೆ ಉತ್ತರ ಬರೆಸಿದರೆ ಮುಗಿಯಿತು. ಕೃಷ್ಣ ರಾಜ್ಯದ ಆಸೆ ತೋರಿಸಿದಲ್ಲಿಗೆ ಪುಸ್ತಕ ಮುಚ್ಚಿಸಿ. ‘ನೀನಾಗಿದ್ದರೆ ಹೋಗ್ತಿದ್ಯಾ?’ ಎಂದು ಕೇಳಿ. ಹೋಗಬೇಕು ಎನ್ನುವವರು ಕಿಟಕಿ ಕಡೆಗೆ, ಬೇಡ ಎನ್ನುವವರು ಬಾಗಿಲ ಕಡೆಗೆ. ಜಗಳವಾಡಲಿ. ಕಷ್ಟಕಾಲದಲ್ಲಿ ಕೈಹಿಡಿದವನನ್ನು ಬಿಡುವುದು ಹೇಗೆ ಎಂದು ಒಬ್ಬ ಕೇಳುತ್ತಾನೆ, ಮಗುವಾಗಿದ್ದಾಗ ನೀರಿಗೆ ಬಿಟ್ಟ ತಾಯಿ ಈಗೇಕೆ ಬೇಕು ಎಂದು ಇನ್ನೊಬ್ಬಳು. ಕವಿಯ ಕರ್ಣ ಏನೆಂದ ಎಂದು ತಿಳಿಯುವ ಹಂಬಲ ಹುಟ್ಟಿದ ಮೇಲೆ ಪುಸ್ತಕ ತೆರೆದರಾಯಿತು.

ಇನ್ನೊಂದು ಮಾತು, ದೂರದ ಜಿಲ್ಲೆಗೆ ಹೋಗುವವರಿಗೆ. ಮೈಸೂರು ಸೀಮೆಯವರು ಯಾದಗಿರಿಗೆ ಹೋಗಿ, ‘ಊರಾಗ’ ಅಂದ ಹುಡುಗನನ್ನು ತಿದ್ದುವುದನ್ನೇ ಪಾಠವೆಂದುಕೊಂಡರೆ ಅವನು ಮತ್ತೆ ಬಾಯಿ ಬಿಡುವುದಿಲ್ಲ. ಆ ‘ಊರಾಗ’ದಲ್ಲೇ ಲೋಪಸಂಧಿ ಇದೆ. ಸಂಧಿಗೆ ‘ದೇವಾಲಯ’, ‘ಸೂರ್ಯೋದಯ’ಗಳನ್ನೇ ಎಷ್ಟು ವರ್ಷ ಉಜ್ಜುತ್ತೀರಿ? ಮಕ್ಕಳ ಮಾತಿನಲ್ಲೇ ಹುಡುಕಿಸಿ. ಪುಸ್ತಕದ ಕನ್ನಡ ಕಲಿಸಬೇಕು ನಿಜ, ಪರೀಕ್ಷೆಗೂ ಅದೇ ಬೇಕು. ಮನೆಯ ಕನ್ನಡವನ್ನು ಅವಮಾನಿಸಿ ಕಲಿಸಬೇಕಿಲ್ಲ.

ಮಕ್ಕಳಿಗೆ ಬೇಕಾದದ್ದನ್ನು ತಾವೇ ಬರೆದ ಮೇಷ್ಟ್ರುಗಳೂ ನಮ್ಮಲ್ಲಿದ್ದರು. ಪಂಜೆ ಮಂಗೇಶರಾಯರು ಶಿಕ್ಷಕರಾಗಿ, ಶಾಲಾ ಇನ್‌ಸ್ಪೆಕ್ಟರಾಗಿ ದುಡಿದವರು. ‘ಕವಿಶಿಷ್ಯ’ ಎಂಬ ಹೆಸರಿನಲ್ಲಿ ಮಕ್ಕಳಿಗೆ ಪದ್ಯ ಬರೆದರು. ಕೊಡಗಿನಲ್ಲಿದ್ದಾಗ ಆ ನಾಡಿನ ಹಬ್ಬದ ಮೇಲೆ ‘ಹುತ್ತರಿ ಹಾಡು’ ಕಟ್ಟಿದರು. ಹೊಸ ಮೇಷ್ಟ್ರು ಕವಿಯಾಗಬೇಕಿಲ್ಲ, ಕೆಲಸಕ್ಕೆ ಹೋದ ಊರಿನ ಹಾಡು, ಒಗಟು, ಗಾದೆಗಳನ್ನು ಮಕ್ಕಳಿಂದಲೇ ಕೇಳಿ ಬರೆದುಕೊಂಡರೂ ಆದೀತು.

ಇದಕ್ಕೆಲ್ಲ ಪುರುಸೊತ್ತೆಲ್ಲಿ ಎನ್ನುತ್ತೀರಿ. ರೂಪಣಾತ್ಮಕ ಮೌಲ್ಯಮಾಪನದ ಹೆಸರಿನಲ್ಲಿ ಚಟುವಟಿಕೆಗೆ ಜಾಗವೂ ಇದೆ, ಅಂಕವೂ ಇದೆ. ಅದು ಅಂಗಡಿಯಿಂದ ತಂದು ಅಂಟಿಸಿದ ಕವಿಚಿತ್ರದ ಚಾರ್ಟಾಗಿ ಗೋಡೆ ಸೇರುತ್ತಿದೆ, ಅಷ್ಟೇ.

ಹೆಡ್‌ಮಾಸ್ಟರರಲ್ಲಿ, ಶಾಲೆಗೆ ಭೇಟಿ ಕೊಡುವ ಅಧಿಕಾರಿಗಳಲ್ಲಿ ಒಂದು ವಿನಂತಿ. ಕನ್ನಡ ತರಗತಿಯಿಂದ ಸದ್ದು ಕೇಳಿಸಿದರೆ ಹೊಸ ಮೇಷ್ಟ್ರಿಗೆ ನೋಟಿಸು ಕೊಡುವ ಮುಂಚೆ ಒಳಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿ. ನೋಟ್‌ಬುಕ್ ತಿದ್ದಿದ್ದಾರೋ ಇಲ್ಲವೋ ಎಂದು ಆಮೇಲೆ ನೋಡಬಹುದು.