ಮುಂಜಾನಿ ಸಪ್ಪಳಾ ಮುಚ್ಚಿಡಬ್ಯಾಡ್ರಿ

ಈ ಸಲ ಅಡಗಿ ಸುದ್ದಿ ಅಲ್ಲ, ಗಾಡಿ ಸುದ್ದಿ. "ಅದು ಗಂಡಸರ ಕೆಲಸ, ನಮಗ್ಯಾಕವಾ" ಅಂತ ಓದೂದು ಬಿಡಬ್ಯಾಡ್ರಿ. ಗಾಡಿ ಕೆಟ್ರ ರೊಕ್ಕ ಹೋಗೂದು ನಮ್ಮ ಭಿಶಿ ಡಬ್ಬಿಂದನ.

ನಮ್ಮದು ಹಳೇ ಡೀಸೆಲ್ ಕಾರು, ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಹೋದ ಚಳಿಗಾಲದಾಗ ಮುಂಜಾನಿ ನಾ ರೊಟ್ಟಿ ಬಡಿಯೂ ಹೊತ್ತಿಗೆ ಮನಿಯವ್ರು ಹೊಲಕ್ಕ ಹೋಗಾಕ ಗಾಡಿ ಚಾಲೂ ಮಾಡಿದ್ರ, ಡಬ್ಬ್ಯಾಗ ಕಡ್ಲಿ ಹಾಕಿ ಅಲುಗಾಡಿಸಿದಂಗ ಖಡಖಡ ಅಂತಿತ್ತು. ನಾಕೈದು ಸೆಕೆಂಡ್ ಅಷ್ಟ, ಆಮ್ಯಾಲ ಗಪ್ಪ. "ಕೇಳಿಸ್ತೇನ್ರಿ?" ಅಂದ್ರ "ಡೀಸೆಲ್ ಗಾಡಿ ಮತ್ತೇನು ವೀಣಾ ಬಾರಿಸ್ತೈತೇನ?" ಅಂದ್ರು. ಗಾಡ್ಯಾಗ ಕುಂತವ್ರು ಕಾಜು ಏರಿಸಿ ಹಾಡು ಹಚ್ಚಿರ್ತಾರ. ಹೊರಗ ಇರೂ ನಮಗ ಮೊದಲ ಕೇಳತೈತಿ.

ಭಾರತ ಹುಣ್ಣಿವಿಗೆ ಎಲ್ಲಮ್ಮನ ಗುಡ್ಡಕ್ಕ ಹೋಗೂದಿತ್ತು. ಅತ್ತಿ, ನೆಗೆಣ್ಣಿ, ಹುಡುಗ್ರು ಎಲ್ಲಾ ಅದರಾಗ. ಮೊದಲ ಮಿಸ್ತ್ರಿಗೆ ತೋರಸ್ರಿ, ಇಲ್ಲಂದ್ರ ನಾವು ಬಸ್ಸಿಗೆ ಹೋಗ್ತೇವಿ ಅಂತ ಹಟ ಹಿಡದೆ. ಮಿಸ್ತ್ರಿ ರಾತ್ರಿ ಗಾಡಿ ಅಲ್ಲೇ ಬಿಡಿಸ್ಕೊಂಡು, ಮರುದಿನ ತಣ್ಣಗಿದ್ದಾಗ ಚಾಲೂ ಮಾಡಿ ಕೇಳಿದ. "ಟೈಮಿಂಗ್ ಚೈನ್ ಸವದೈತ್ರಿ ಅಕ್ಕಾರ" ಅಂದ.

ನಮ್ಮ ಕೊರಳಾಗಿನ ಸರ ನೋಡ್ರಿ. ವರ್ಷಗಟ್ಟಲೆ ಹಾಕ್ಕೊಂಡ್ರ ಕೊಂಡಿಗಿ ಕೊಂಡಿ ತಿಕ್ಕಿ ಸವದು ತೆಳ್ಳಗ ಆಗ್ತಾವ, ಸರ ಒಂದೀಟು ಉದ್ದ ಆಗತೈತಿ. ಇಂಜಿನ್ ಚೈನೂ ಹಂಗ. ಕೊಂಡಿ ಕೂಡೂ ಪಿನ್ನು ಸವದು ಸಡ್ಲ ಆಗತೈತಿ. ಈ ಚೈನ್ ಕೆಳಗಿನ ಕ್ರ್ಯಾಂಕಿಗೂ ಮ್ಯಾಲಿನ ಕ್ಯಾಮಿಗೂ ತಾಳ ಹಿಡಿಸ್ತೈತಿ. ಕೆಳಗ 2 ಸುತ್ತು ಆದ್ರ ಮ್ಯಾಲ 1 ಸುತ್ತು, ಅದರ ಲೆಕ್ಕದಾಗ ವಾಲ್ವು ತೆರೀತಾವ, ಮುಚ್ಚತಾವ. ಒಂದ ಒಳ್ಳಾಗ ಇಬ್ರು ಒನಕಿ ಹಾಕಿ ಕುಟ್ಟೂವಾಗ ಒಬ್ಬಾಕಿ ತಾಳ ತಪ್ಪಿದ್ರ ಏನಾಗತೈತಿ? ಒನಕಿಗೆ ಒನಕಿ ಬಡೀತೈತಿ. ಇಲ್ಲಿ ಚೈನ್ ಹಲ್ಲು ಹಾರಿದ್ರ ಇಲ್ಲಾ ಹರದ್ರ ಪಿಸ್ಟನ್ ಹೋಗಿ ವಾಲ್ವಿಗೆ ಬಡದು, ವಾಲ್ವು ಸೊಟ್ಟ ಆಗ್ತಾವ. ಆವಾಗ ಚೈನಿನ ಖರ್ಚಲ್ಲ, ಇಂಜಿನ್ನಿನ ಖರ್ಚು. ಅದೂ ಓಡೂ ಗಾಡ್ಯಾಗ ಇಂಜಿನ್ ಬಂದ್ ಬಿದ್ರ ಸ್ಟೇರಿಂಗು, ಬ್ರೇಕು ಎರಡೂ ಬಿಗಿ ಆಗ್ತಾವ. ಗುಡ್ಡದ ಏರಿನ್ಯಾಗ ಹಂಗಾಗಿದ್ರ ಅಂತ ನೆನಸಿದ್ರ ಈಗೂ ಎದಿ ಝಲ್ ಅಂತೈತಿ.

ಮತ್ತ ಮುಂಜಾನಿ ಅಷ್ಟ ಯಾಕ ಸಪ್ಪಳ? ಚೈನ್ ಬಿಗಿ ಹಿಡಿಯೂ ಟೆನ್ಶನರ್ ಅಂತ ಒಂದ ಇರತೈತಿ. ಬಹಳ ಗಾಡ್ಯಾಗ ಅದು ಇಂಜಿನ್ ಆಯಿಲಿನ ಒತ್ತಡದ ಮ್ಯಾಲ ಕೆಲಸ ಮಾಡತೈತಿ. ರಾತ್ರಿ ಆಯಿಲ್ ಕೆಳಗ ಇಳಿದಿರತೈತಿ. ಮತ್ತ ಒತ್ತಡ ಏರೂತನಾ ಸಡ್ಲ ಚೈನ್ ಬಡಕೋತೈತಿ.

ಚೈನ್ ಅಂದ್ರ ಸಾಯೂತನಾ ನೋಡೂದ ಬ್ಯಾಡ ಅನ್ನೂ ಮಾತು ಐತಲ್ಲ, ಅದ ನಮ್ಮನ್ನ ಕೆಡಸೂದು. ಮೊದಲಿನ ಮಾರುತಿ 800ಕ್ಕ ರಬ್ಬರ್ ಬೆಲ್ಟ್ ಇತ್ತು. ಇಷ್ಟು ಕಿಲೋಮೀಟರಿಗೆ ಬದ್ಲಿ ಮಾಡಬೇಕಂತ ಎಲ್ಲಾರಿಗೂ ಗೊತ್ತಿತ್ತು. ಆಮ್ಯಾಲ ಬಂದ 1.3 ಲೀಟರ್ ಡೀಸೆಲ್ಲಿನ ಸ್ವಿಫ್ಟ್, ಡಿಸೈರಿನಂಥವಕ್ಕ ಚೈನ್. ಮಾರುತಿಯವ್ರು 2020ರ ಏಪ್ರಿಲ್ಲಿಗೆ ಡೀಸೆಲ್ ಕಾರು ಬಿಟ್ಟಾರ. ಅಂದ್ರ ನಮ್ಮ ಓಣ್ಯಾಗ ಓಡ್ಯಾಡೂ ಅಂಥಾ ಗಾಡಿ ಎಲ್ಲಾ ಈಗ ಹಳೇವು. ಬಾಳಿಕಿ ಹೆಚ್ಚು ಖರೇ, ಆದ್ರ ಆಯಿಲ್ ಕಡಿಮಿ ಆದ್ರ, ಮಸಿ ಆದ್ರ ಯಾವ ಚೈನೂ ಸವೀತೈತಿ. ನಮ್ಮ ಗಾಡಿ ಆಯಿಲ್ ಟಾರಿನಂಗ ಆಗಿತ್ತು. ಅದು ಕಂಪನಿ ತಪ್ಪಲ್ಲ, ನಮ್ಮ ತಪ್ಪು.

ಈಗ ಅಸಲ ಮಾತು. ನಮ್ಮ ಮೈದುನ ಒಂದ ಉಪಾಯ ಹೇಳಿದ: "ದಪ್ಪ ಆಯಿಲ್ ಹಾಕ್ರಿ, ಸಪ್ಪಳ ಅಡಗತೈತಿ. ತಗೊಳ್ಳಾವ್ರು ಬರೂ ಮೊದ್ಲ ಒಂದ ಸುತ್ತು ಓಡಿಸಿ ಬಿಸಿ ಮಾಡಿ ಇಡ್ರಿ, ಮಾರಿಬಿಡ್ರಿ." ಮನಿಯವ್ರಿಗೂ ಹೌದನ್ನಿಸಿತ್ತು. ನಾ ಒಪ್ಪಲಿಲ್ಲ. ನಮಗ ಮಾರಿದಾವ್ರೂ ಹಿಂಗ ಮಾಡಿದ್ರೋ ಏನೋ! ತಗೊಳ್ಳಾವನ ಮನ್ಯಾಗೂ ಒಬ್ಬಾಕಿ ಭಿಶಿ ರೊಕ್ಕ ಎಣಸಿ ಕೊಟ್ಟಿರ್ತಾಳ, ಆಕಿ ಹುಡುಗ್ರೂ ಹಿಂದಿನ ಸೀಟಿನ್ಯಾಗ ಕುಂಡ್ರತಾವ. ಸಪ್ಪಳಾ ಮುಚ್ಚಿ ಮಾರೂದು ಅಂದ್ರ ನಮ್ಮ ಮನಿ ಅಪಘಾತ ಇನ್ನೊಬ್ರ ಮನಿಗೆ ಕಳಸಿದಂಗ. ಹಳೇ ಗಾಡಿಗೆ ಅಷ್ಟು ಖರ್ಚು ಯಾಕ ಅನ್ನೂದು ಸುಳ್ಳಲ್ಲ. ತಗಡು ತುಕ್ಕು ಹಿಡದಿದ್ರ ನಾನೂ ಮಾರ್ರಿ ಅಂತಿದ್ದೆ. ಆದ್ರ ಹೇಳಿ, ಕಡಿಮಿ ರೇಟಿಗೆ.

ನಾವು ಮಾಡಿಸಿದ್ವಿ. ಬರೇ ಚೈನ್ ಅಲ್ಲ; ಟೆನ್ಶನರು, ಗೈಡು, ಹಲ್ಲಿನ ಗಾಲಿ ಎಲ್ಲಾ ಸೇರಿ. ಸವದ ಗಾಲಿ ಮ್ಯಾಲ ಹೊಸಾ ಚೈನ್ ಹಾಕಿದ್ರ ಅದೂ ಲಗೂನ ಸವೀತೈತಿ, ಬಿಚ್ಚೂ ಕೂಲಿ ಎರಡು ಸಲ. ನನ್ನ ಭಿಶಿ ಪಾಳಿ ರೊಕ್ಕ ಅದಕ್ಕ ಹೋತು. ಬಳಿ ಮಾಡಸೂದು ಮುಂದಿನ ವರ್ಷಕ್ಕ ಬಿತ್ತು. ಹೊಟ್ಟಿ ಉರೀಲಿಲ್ಲ ಅಂದ್ರ ಸುಳ್ಳಾಗತೈತಿ. ಆದ್ರ ಹುಣ್ಣಿವಿಗೆ ಎಲ್ಲಾರೂ ಅದ ಗಾಡ್ಯಾಗ ಹೋಗಿ ಬಂದ್ವಿ.

ನೀವೂ ಇಷ್ಟು ಮಾಡ್ರಿ. ಗಾಡಿ ಸಪಾಟ ಜಾಗಾದಾಗ ತಣ್ಣಗ ನಿಂತಾಗ ಆಯಿಲ್ ಕಡ್ಡಿ ತಗದು, ಒರಸಿ, ಮತ್ತ ಅದ್ದಿ ನೋಡ್ರಿ. ಎರಡು ಗುರುತಿನ ನಡುವ ಇರಬೇಕು. ಆಯಿಲ್ ಬದ್ಲಿ ಮಾಡಿದ ತಾರೀಖು, ಕಿಲೋಮೀಟರು ಅಡಗಿಮನಿ ಕ್ಯಾಲೆಂಡರಿನ್ಯಾಗ ಸಿಲಿಂಡರ್ ಹಚ್ಚಿದ ತಾರೀಖಿನ ಬಾಜೂ ಬರೀರಿ. ಹಳೇ ಗಾಡಿ ತಗೋಳಾಕ ಹೋದ್ರ ಮುಂಜಾನಿ ಹೋಗ್ರಿ, ಮೊದಲ ಬಾನೆಟ್ ಮ್ಯಾಲ ಕೈ ಇಟ್ಟು ನೋಡ್ರಿ. ಬಿಸಿ ಇತ್ತಂದ್ರ "ತಣ್ಣಗಾದ ಮ್ಯಾಲ ಬರ್ತೇವಿ" ಅಂದು ತಿರುಗಿ ಬರ್ರಿ.

ಮತ್ತ ಮುಂಜಾನಿ ಖಡಖಡ ಅಂತು ಅಂದ್ರ, ಯಾರು ನಕ್ರೂ ಬಿಡಬ್ಯಾಡ್ರಿ, ಹೇಳ್ರಿ.